ನೆರಳಿನ ಸೇವೆ

(ನ್ಯೂಜೆರ್ಸಿ. ಮೊಮ್ಮಗ ಬಯಾಲಜಿ ಓದುತ್ತಾನೆ. ಅಜ್ಜಿ ಮೈಸೂರಿನಿಂದ ಬಂದವರು.)

ಅಜ್ಜಿ: ಎಲ್ಲಿಗೋ?

ಮೊಮ್ಮಗ: ಶ್ಯಾಡೋಯಿಂಗ್. ಡಾಕ್ಟರ ಹಿಂದೆ ನೆರಳಿನ ಹಾಗೆ ನಿಲ್ಲೋದು.

ಅಜ್ಜಿ: ಕೂಲಿ?

ಮೊಮ್ಮಗ: ಇಲ್ಲ, ಗಂಟೆ ಸಿಗುತ್ತೆ.

ಅಜ್ಜಿ: ದೇವರಮನೇಲೇ ಇದೆಯಲ್ಲೋ!

ಮೊಮ್ಮಗ: ಸೇವೆಯ ಗಂಟೆ! ಮೆಡಿಕಲ್ ಅರ್ಜೀಲಿ 15 ಅನುಭವ ಬರೀಬಹುದು. 3ಕ್ಕೆ ‘ಮನಸ್ಸು ತಟ್ಟಿದ್ದು’ ಅಂತ ಗುರುತು.

ಅಜ್ಜಿ: ಉಳಿದ 12?

ಮೊಮ್ಮಗ: ...ಆಮೇಲೆ ‘ಯಾಕೆ ಡಾಕ್ಟರಾಗ್ತೀನಿ’ ಅಂತ 5300 ಅಕ್ಷರ.

ಅಜ್ಜಿ: ‘ದುಡ್ಡಿಗೆ’. ಮೂರಕ್ಷರ ಆಯ್ತು. ಮಿಕ್ಕಿದ್ದು?

ಮೊಮ್ಮಗ: ನಿನ್ನ ಮಂಡಿನೋವು. ಅದು ನೋಡಿ ಕರಗಿಹೋದೆ ಅಂತ ಬರ್ದಿದೀನಿ.

ಅಜ್ಜಿ: ನನ್ನಪ್ಪ! ಹಾಗಾದ್ರೆ ಚೂರು ಎಣ್ಣೆ ತಿಕ್ಕು.

ಮೊಮ್ಮಗ: ಹೊತ್ತಾಯ್ತಜ್ಜಿ, ಆಸ್ಪತ್ರೆ ಮುಗಿಸಿ ವೃದ್ಧಾಶ್ರಮಕ್ಕೆ ಓಡಬೇಕು. ಅಲ್ಲಿ ಅಜ್ಜಿಯರು ಕಾಯ್ತಿರ್ತಾರೆ.

ಅಜ್ಜಿ: ನನ್ನೂ ಕರ್ಕೊಂಡು ಹೋಗೋ, ಪಾಳೀಲಿ ಕೂರ್ತೀನಿ.