ಮೈಗೆ ಹತ್ತಿದ ಮಾತು

ಡಾಕ್ಟರು ಚೀಟಿಯ ಮೇಲೆ ‘ಒಬೀಸ್’ ಎಂದು ಗೀಚಿದರೆ ಅದು ಕಾಯಿಲೆ. ಗೆಳೆಯರು ‘ಏನಪ್ಪಾ, ಬೊಜ್ಜು ಬಂತಲ್ಲ’ ಎಂದರೆ ಗೇಲಿ. ಅತ್ತೆಮನೆಯಲ್ಲಿ ‘ಅಳಿಯಂದಿರು ಮೈಕೈ ತುಂಬಿಕೊಂಡಿದ್ದಾರೆ’ ಎಂದರೆ ಮರ್ಯಾದೆ. ಮೂರೂ ಕಡೆ ಹೋಗಿಬಂದದ್ದು ಅದೇ ಹೊಟ್ಟೆ. ಆದ್ದರಿಂದ ಹೊಟ್ಟೆಯನ್ನು ಅದರ ಪಾಡಿಗೆ ಬಿಟ್ಟು, ಅದಕ್ಕಿಟ್ಟ ಹೆಸರುಗಳ ಜಾತಕ ನೋಡುವುದು ಮೇಲೆಂದು ನನಗೆ ತೋರಿದೆ. ಇದರಿಂದ ತೂಕ ಇಳಿಯುವುದಿಲ್ಲ, ನಿಜ. ಆದರೆ ಕುರ್ಚಿಯಿಂದ ಏಳದೆ ಮಾಡಬಹುದಾದ ವ್ಯಾಯಾಮ ಇದೊಂದೇ.

ಒಬೀಸ್ ಎಂಬುದರ ತವರು ಲ್ಯಾಟಿನ್. ಅಲ್ಲಿ ‘ಎಡೆರೆ’ ಎಂದರೆ ತಿನ್ನುವುದು. ಅದಕ್ಕೆ ‘ಒಬ್’ ಎಂಬ ಉಪಸರ್ಗ ಅಂಟಿ ‘ಒಬೆಸುಸ್’ ಆಯಿತು: ಚೆನ್ನಾಗಿ ತಿಂದು ಮೈ ಬೆಳೆಸಿದವನು. ಇಂಗ್ಲಿಷಿನವರು ಇದನ್ನು 17ನೇ ಶತಮಾನದಲ್ಲಿ ಕಡ ತಂದರು, ವಾಪಸು ಕೊಡಲಿಲ್ಲ. ಆದರೆ ಪದದ ರಚನೆಯಲ್ಲೇ ಒಂದು ತಕರಾರಿದೆ. ವ್ಯಾಕರಣದ ಪ್ರಕಾರ ಅದು ತಿಂದವನೂ ಆಗಬಹುದು, ತಿನ್ನಿಸಿಕೊಂಡು ಸವೆದವನೂ ಆಗಬಹುದು. 2ನೇ ಶತಮಾನದ ಅವುಲುಸ್ ಗೆಲ್ಲಿಯಸ್ ಎಂಬ ರೋಮನ್ ಪಂಡಿತ, ಹಳೆಯ ಕವಿ ಲೇವಿಯಸ್ ಇದೇ ಪದವನ್ನು ಸಣಕಲನಿಗೆ ಬಳಸಿದ್ದನ್ನು ಹುಡುಕಿ ಬರೆದಿಟ್ಟಿದ್ದಾನೆ. ಒಂದೇ ಅಂಗಿ ಧಡಿಯನಿಗೂ ನರಪೇತಲನಿಗೂ ಹಿಡಿಸಿದ ಹಾಗಾಯಿತು. ಕೊನೆಗೆ ಧಡಿಯನೇ ಗೆದ್ದ. ಅಂಗಿ ಅವನ ಮೈಮೇಲೆಯೇ ಉಳಿಯಿತು.

ಈ ‘ಎಡೆರೆ’ ನಮಗೆ ದೂರದ ನೆಂಟನೇನಲ್ಲ. ಸಂಸ್ಕೃತದ ‘ಅದ್’ ಧಾತು ಅದರ ಒಡಹುಟ್ಟು. ‘ಅದ್’ ಎಂದರೆ ತಿನ್ನು; ತಿಂದದ್ದು ‘ಅನ್ನ’. ಅನ್ನವನ್ನು ಪ್ರಾಣಿಗಳು ತಿನ್ನುತ್ತವೆ, ಅನ್ನವೂ ಪ್ರಾಣಿಗಳನ್ನು ತಿನ್ನುತ್ತದೆ, ಅದಕ್ಕೇ ಅದು ಅನ್ನ ಎಂದು ತೈತ್ತಿರೀಯ ಉಪನಿಷತ್ತು ಹೇಳುತ್ತದೆ. ಗೆಲ್ಲಿಯಸ್ ತಲೆ ಕೆಡಿಸಿಕೊಂಡ ತಕರಾರನ್ನು ನಮ್ಮ ಋಷಿಗಳು ಅವನಿಗಿಂತ ಎಷ್ಟೋ ಮೊದಲೇ ರಾಜಿ ಮಾಡಿಸಿದ್ದರು. ಈಗ ‘ನೀವು ಒಬೀಸ್, ಅನ್ನ ಬಿಟ್ಟು ಮುದ್ದೆ ಉಣ್ಣಿ’ ಎನ್ನುವ ಡಾಕ್ಟರು ತಮಗೇ ಗೊತ್ತಿಲ್ಲದೆ ದಾಯಾದಿಗಳ ನಡುವೆ ಪಾಲು ಮಾಡಿಸುತ್ತಿದ್ದಾರೆ.

ನಮ್ಮ ‘ಬೊಜ್ಜು’ ಇಂಥ ತರ್ಕದ ಗೋಜಿಗೆ ಹೋಗುವುದಿಲ್ಲ. ಪಕ್ಕದ ತೆಲುಗಿನಲ್ಲಿ ‘ಬೊಜ್ಜ’ ಎಂದರೆ ಬರೀ ಹೊಟ್ಟೆ. ಗಣಪತಿಯನ್ನು ಅವರು ಬೊಜ್ಜ ಗಣಪಯ್ಯ ಎಂದು ಮುದ್ದಾಗಿ ಕರೆಯುತ್ತಾರೆ. ನಮ್ಮಲ್ಲಿ ಅಂಗದ ಹೆಸರಿಗೆ ಆಪಾದನೆ ಬೆರೆತಿದೆ. ಮಂಗಳೂರಿನ ಕಡೆ ಹೋದಾಗ ಮಾತ್ರ ಕೊನೆಯ ಉಕಾರವನ್ನು ಜೋಪಾನವಾಗಿ ಉಚ್ಚರಿಸಬೇಕು. ತುಳುವಿನಲ್ಲಿ ‘ಬೊಜ್ಜ’ ಎಂದರೆ ಸತ್ತವರ ಉತ್ತರಕ್ರಿಯೆ. ‘ನಿಮ್ಮ ಬೊಜ್ಜ ಯಾವಾಗ?’ ಎಂದು ಕೇಳಿಸಿಬಿಟ್ಟರೆ ಕಷ್ಟ.

‘ಕೊಬ್ಬು’ ಇನ್ನೂ ಖಾರದ ಮಾತು. ಕನ್ನಡದ ಕೊಬ್ಬು, ತೆಲುಗಿನ ಕೊವ್ವು, ತಮಿಳಿನ ಕೊಳುಪ್ಪು ಮೂರಕ್ಕೂ ನೆಣ ಎಂಬ ಅರ್ಥವೂ ಇದೆ, ಸೊಕ್ಕು ಎಂಬ ಅರ್ಥವೂ ಇದೆ. ಮೈಯಲ್ಲಿ ಸೇರಿದ್ದು ತಲೆಗೂ ಏರುತ್ತದೆ ಎಂಬ ವಿಷಯದಲ್ಲಿ ಮೂರು ಭಾಷೆಗಳವರಿಗೂ ಒಮ್ಮತ. ಕಾವೇರಿ ನೀರಿನ ವಿಷಯದಲ್ಲಿ ಇದು ಸಾಧ್ಯವಾಗಿಲ್ಲ.

ಮರ್ಯಾದಸ್ಥರು ‘ಸ್ಥೂಲಕಾಯ’ ಎನ್ನುತ್ತಾರೆ. ಆದರೆ ವೇದಾಂತಿಗಳನ್ನು ಕೇಳಿದರೆ ಸ್ಥೂಲಶರೀರವಿಲ್ಲದ ಮನುಷ್ಯನೇ ಇಲ್ಲ. ಗಾಳಿಗೆ ಹಾರುವಂಥ ಸಣಕಲನಿಗೂ ಅದೊಂದು ಇದ್ದೇ ಇದೆ. ಚರಕನೂ ಪಕ್ಷಪಾತಿಯಲ್ಲ. ಲೋಕ ಹಳಿಯುವ ಎಂಟು ಬಗೆಯ ಮೈಗಳನ್ನು ಅವನು ಎಣಿಸುತ್ತಾನೆ: ಅತಿ ಉದ್ದ, ಅತಿ ಗಿಡ್ಡ, ಮೈತುಂಬ ರೋಮ, ರೋಮವೇ ಇಲ್ಲದ್ದು, ಅತಿ ಕಪ್ಪು, ಅತಿ ಬಿಳುಪು, ಅತಿ ದಪ್ಪ, ಅತಿ ತೆಳು. ದಪ್ಪಗಿರುವವನನ್ನೂ ತೆಳ್ಳಗಿರುವವನನ್ನೂ ಒಂದೇ ಬೆಂಚಿನ ಮೇಲೆ ಕೂರಿಸಿದ ಪುಣ್ಯಾತ್ಮ. ಕೊನೆಗೆ ಮಾತ್ರ, ಇಬ್ಬರಲ್ಲಿ ತೆಳ್ಳಗಿರುವವನೇ ವಾಸಿ, ದಪ್ಪಗಿರುವವನ ಚಿಕಿತ್ಸೆ ಹೆಚ್ಚು ಕಷ್ಟ ಎಂದು ಕೈಕೊಟ್ಟ.

ಕನ್ನಡದ ಅಜ್ಜಿಯರು ಚರಕನ ಮಾತಿಗೆ ಸೊಪ್ಪು ಹಾಕಲಿಲ್ಲ. ಹಾಸ್ಟೆಲಿನಿಂದ ಮೊಮ್ಮಗ ಬಂದರೆ ಅವರ ಮೊದಲ ಉದ್ಗಾರ, ‘ಅಯ್ಯೋ ಮಗಾ, ಎಷ್ಟು ಬಡವಾಗಿದ್ದೀಯೋ!’ ಹುಡುಗನ ಜೇಬಿನ ವಿಚಾರವಲ್ಲ ಅದು, ಮೈಯ ವಿಚಾರ. ಬಡವಾಗುವುದೆಂದರೆ ಸೊರಗುವುದು, ಬಡವನೆಂದರೆ ಇಲ್ಲದವನು. ತೆಳ್ಳಗಿರುವುದಕ್ಕೂ ಗತಿಯಿಲ್ಲದಿರುವುದಕ್ಕೂ ಒಂದೇ ಮಾತು ಸಾಕಾಗಿದ್ದ ಕಾಲದಲ್ಲಿ ದಪ್ಪ ಎನ್ನುವುದು ಬೈಗುಳವಾಗುವುದು ಹೇಗೆ? ಅದು ಮನೆಯ ಕಣಜದ ಸುದ್ದಿ. ‘ಉಂಡದ್ದು ಮೈಗೆ ಹತ್ತಿದೆ’ ಎಂದರೆ ಬೆಳೆ ಬಂದಿದೆ, ಅಡುಗೆ ಆಗಿದೆ, ಬಡಿಸುವವರಿದ್ದಾರೆ ಎಂದೇ ಅರ್ಥ. ಕಣಜ ತುಂಬಿ, ಗಿರಣಿ ಬಂದು, ಮನೆ ಬಾಗಿಲಿಗೆ ಬಿರಿಯಾನಿ ತರುವ ಹುಡುಗರೂ ಬಂದ ಮೇಲೆ ಮಾತಿನ ಮುಖ ತಿರುಗಿತು. ಈಗ ಲಾಲ್‌ಬಾಗಿನಲ್ಲಿ ಬೆಳಗ್ಗೆ ಬೀಸುಗಾಲು ಹಾಕುವವರೆಲ್ಲ ಬಡವಾಗಲು ಹೊರಟವರೇ. ಕೆಲವರು ಅದಕ್ಕೆ ಜಿಮ್ಮಿನಲ್ಲಿ ವರ್ಷದ ದುಡ್ಡನ್ನೂ ಕಟ್ಟಿದ್ದಾರೆ.

ಮಾತುಗಳನ್ನು ನಂಬಲಾಗದೆ ಜನ ಅಂಕಿಗಳ ಮೊರೆ ಹೋದರು. ಕಿಲೋ ತೂಕವನ್ನು ಮೀಟರಿನ ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕ 19ನೇ ಶತಮಾನದ ಬೆಲ್ಜಿಯಂನ ಅಡಾಲ್ಫ್ ಕೆಟ್ಲೆಯದು. ಆತ ಖಗೋಳಶಾಸ್ತ್ರಜ್ಞ, ಗ್ರಹಗಳನ್ನು ನೋಡುವ ಕಣ್ಣು ನಮ್ಮ ಕಡೆಗೂ ಹೊರಳಿತು. 1972ರಲ್ಲಿ ಆನ್ಸೆಲ್ ಕೀಸ್ ಅದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂಬ ಹೆಸರಿಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯಲ್ಲಿ 30 ಮುಟ್ಟಿದವನು ಒಬೀಸ್. ಭಾರತೀಯರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಕಾಣುವುದರಿಂದ ಇಲ್ಲಿನ ವೈದ್ಯರು ಗೆರೆಯನ್ನು 25ಕ್ಕೇ ಎಳೆದಿದ್ದಾರೆ. ಹೀಗಾಗಿ 27ರ ಕನ್ನಡಿಗ ಫ್ರಾಂಕ್‌ಫರ್ಟಿನಲ್ಲಿ ಬರೀ ತೂಕ ಜಾಸ್ತಿಯವನು. ವಿಮಾನದಲ್ಲಿ ಕೊಟ್ಟದ್ದನ್ನು ಮುಟ್ಟದೆ ಬಂದರೂ ದೇವನಹಳ್ಳಿಯಲ್ಲಿ ಇಳಿದ ಕೂಡಲೇ ಒಬೀಸ್.

ಸಕ್ಕರೆ ಕಾಯಿಲೆ ಪದಗಳ ಜಾತಕ ಕೇಳಿ ಬರುವುದಿಲ್ಲವೆಂದು ನನಗೂ ಗೊತ್ತು. ನಡೆಯುತ್ತೇನೆ, ಮುದ್ದೆಯನ್ನೂ ನುಂಗುತ್ತೇನೆ. ಆದರೆ ಚೀಟಿಯ ಮೇಲಿನ ಆ ಪದ ಕಂಡು ಮುಖ ಸಪ್ಪೆ ಮಾಡಿಕೊಳ್ಳುವುದಿಲ್ಲ. ನಮ್ಮ ನಾಡಿನಲ್ಲಿ ಎದುರಿಗೆ ಸಿಕ್ಕವರು ಕ್ಷೇಮ ಸಮಾಚಾರಕ್ಕೂ ಮೊದಲು ‘ಊಟ ಆಯ್ತಾ?’ ಎಂದು ಕೇಳುತ್ತಾರೆ. ‘ಒಬೆಸುಸ್’ ಎಂಬುದು ಆ ಪ್ರಶ್ನೆಗೆ ಲ್ಯಾಟಿನ್ನಿನಲ್ಲಿ ಕೊಟ್ಟ ಉತ್ತರ: ಹೂಂ, ಆಯ್ತು.