'ಫೈನ್' ಎಂಬ ಉತ್ತರದ ಸತ್ಯಾಸತ್ಯತೆ: ವಿಶಾಖಾ–ಬೆಜವಾಡ ಮಾರ್ಗದ ಒಂದು ಮೀಮಾಂಸೆ

'ಹೌ ಆರ್ ಯೂ?' ಎಂದವರಿಗೆ 'ಫೈನ್, ಥ್ಯಾಂಕ್ಯೂ' ಎನ್ನತಕ್ಕದ್ದು. ಸ್ಪೋಕನ್ ಇಂಗ್ಲಿಷ್ ಕೋಚಿಂಗ್ ಸೆಂಟರುಗಳ ಈ ವಿಧಿವಾಕ್ಯಕ್ಕೆ ಇನ್ನೂ ಒಂದು ಭಾಷ್ಯವಿಲ್ಲದಿರುವುದು ವಿದ್ವತ್ತಿಗೆ ಶೋಭೆಯಲ್ಲ.

ಈ ಉತ್ತರ ಎಲ್ಲ ಊರಿಗೂ ಒಂದೇ ಎಂಬುದು ಪೂರ್ವಪಕ್ಷ. ಅದು ನಿಲ್ಲದು. ವಿಶಾಖಪಟ್ಟಣದ ಆರ್.ಕೆ. ಬೀಚಿನಲ್ಲಿ ಸಂಜೆ ಗಾಳಿಗೆ ಮುಖವೊಡ್ಡಿ, ಮಂಡಕ್ಕಿ ಮೆಲ್ಲುತ್ತ 'ಫೈನ್' ಎಂದವನ ಮಾತಿಗೆ ಪ್ರತ್ಯಕ್ಷವೇ ಪ್ರಮಾಣ. ವಿಜಯವಾಡದ ಮಾತು ಬೇರೆ. ಅದರ ಹಳೆಯ ಹೆಸರಾದ ಬೆಜವಾಡವನ್ನು 'ಬ್ಲೇಜ್‌ವಾಡ' ಎಂದು ಜನ ಸುಮ್ಮನೆ ಹಂಗಿಸುವುದಿಲ್ಲ. ಮೇ ತಿಂಗಳ 45 ಡಿಗ್ರಿಯಲ್ಲಿ, ಬೆಂಜ್ ಸರ್ಕಲ್ಲಿನ ನಡುಮಧ್ಯಾಹ್ನದಲ್ಲಿ 'ಫೈನ್' ಎಂದರೆ ಅದು ಸುಳ್ಳುಸಾಕ್ಷಿ. ಅಲ್ಲಿನ ಪ್ರಾಮಾಣಿಕ ವಿದ್ಯಾರ್ಥಿ 'ಏಮಿ ಫೈನಂಡಿ, ಎಂಡಲು ಚಂಪೇಸ್ತುನ್ನಾಯಿ' (ಎಂಥ ಫೈನ್ ರೀ, ಬಿಸಿಲು ಕೊಲ್ಲುತ್ತಿದೆ) ಎನ್ನುತ್ತಾನೆ. ಮೇಷ್ಟ್ರು ಅಂಕ ಕಳೆಯುತ್ತಾರೆ. ತರ್ಕಶಾಸ್ತ್ರ ಪೂರ್ತಿ ಕೊಡುತ್ತದೆ.

1926ರಲ್ಲಿ ಬೆಜವಾಡದಲ್ಲಿ ಹುಟ್ಟಿದ ಆಂಧ್ರ ವಿಶ್ವವಿದ್ಯಾಲಯ 1930ರಲ್ಲಿ ವಿಶಾಖಪಟ್ಟಣದ ಕಡಲಂಚಿನ ವಾಲ್ಟೇರಿಗೆ ಹೋದದ್ದಕ್ಕೆ ಇತಿಹಾಸಕಾರರು ಬೇರೆ ಕಾರಣ ಕೊಡಬಹುದು. ಮೊದಲ ಉಪಕುಲಪತಿ ಕಟ್ಟಮಂಚಿ ರಾಮಲಿಂಗಾರೆಡ್ಡಿಯವರು ಮೈಸೂರಿನ ತಂಪಿನಲ್ಲಿ ಪಾಠ ಹೇಳಿ ಬಂದವರು. ಸುಳ್ಳು 'ಫೈನ್' ಅವರ ನಾಲಿಗೆಯಲ್ಲಿ ಹೊರಳಿರಲಾರದು ಎಂಬುದು ಈ ಭಾಷ್ಯಕಾರನ ಸಿದ್ಧಾಂತ.

ಇನ್ನು ಅದೇ ಸೆಂಟರುಗಳ 'ಸಂಬಳ, ಸಂಸಾರ ವಿಚಾರಿಸಬಾರದು' ಎಂಬ ನಿಷೇಧವಾಕ್ಯ. ಇದರ ಪರೀಕ್ಷೆಗೆ ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ಓಡುವ ರತ್ನಾಚಲ್ ಎಕ್ಸ್‌ಪ್ರೆಸ್ಸೇ ಪ್ರಯೋಗಶಾಲೆ. ಅನಕಾಪಲ್ಲಿಗೆ ಹೆಸರು, ತುನಿಗೆ ಉದ್ಯೋಗ, ಸಾಮರ್ಲಕೋಟೆಗೆ ಸಂಬಳ. ಗೋದಾವರಿ ಸೇತುವೆ ಬಂದಾಗ ಹೊಳೆಗೆ ನಾಣ್ಯ ಎಸೆಯುತ್ತಲೇ 'ಡಾಟರ್ ಮ್ಯಾರೇಜ್ ಓವರ್?' ಇಲ್ಲವೆಂದರೆ ಏಲೂರಿನೊಳಗೆ ಎರಡು ವರಗಳ ವಿವರ. ಕನ್ನಡಿಗರು ನಗಬೇಕಾಗಿಲ್ಲ. ಬೆಂಗಳೂರು–ಮೈಸೂರು ರೈಲಿನಲ್ಲಿ ಇದಿಷ್ಟೂ ರಾಮನಗರಕ್ಕೇ ಮುಗಿದು, ಮದ್ದೂರಿಗೆ ವಡೆ ಬರುವಾಗ ಜಾತಕ ಕೈ ಬದಲಾಗಿರುತ್ತದೆ.

'ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್?' ಎಂಬಲ್ಲಿ ತೊಡಕು ಹೆಚ್ಚು. 'ಎಸ್ ಎಸ್, ಕೂರ್ಚೋಂಡಿ' ಎಂದು ಹಿರಿಯರು ಮಡಿಲ ಚೀಲ ಎತ್ತಿ ಜಾಗ ಬಿಡುತ್ತಾರೆ. ವ್ಯಾಕರಣದ ಪ್ರಕಾರ ಅವರು ನಿರಾಕರಿಸಿದ್ದಾರೆ. ಕೇಳಿದವನು ಮಾತ್ರ ವ್ಯಾಕರಣ ಬರುವುದರೊಳಗೆ ಕೂತಾಗಿದೆ. ಜನರಲ್ ಬೋಗಿಯಲ್ಲಂತೂ ಪ್ರಶ್ನೆಗಿಂತ ಮೊದಲೇ.

ವಿಜಯವಾಡ ಜಂಕ್ಷನ್ನಿನಲ್ಲಿ ಇಳಿಯುವಾಗ 'ಎಕ್ಸ್‌ಕ್ಯೂಸ್ ಮಿ' ಮೊಣಕೈಗೆ ಮೊದಲು ಬರಬೇಕೋ ಅನಂತರವೋ ಎಂಬಲ್ಲಿ ಪಂಡಿತರಲ್ಲಿ ಮತಭೇದವಿದೆ. ಸದ್ಯ ಮೊಣಕೈ ಪಕ್ಷವೇ ಪ್ರಬಲ.