ಸರ್ರೆಯ ಚಳಿ, ಸೈಕಲ್ ಕ್ಲಬ್ಬು ಮತ್ತು ಮನೆಮಂದಿ

ಬ್ರಿಟನ್ನಿನ ಸೈಕಲ್ ಕ್ಲಬ್ಬುಗಳ ಭಾನುವಾರದ ಸವಾರಿಗೆ ರಜೆ ಎಂಬುದಿಲ್ಲ. ಬೇಸಿಗೆಯಲ್ಲಿ ಅದನ್ನು ವಿಹಾರ ಎನ್ನಬಹುದು. ನವೆಂಬರಿನಿಂದ ಮಾರ್ಚಿನವರೆಗೆ ಅದೇ ದಾರಿ, ಅದೇ ಜನ, ಅದೇ ಚಹಾ. ಮೇಲಿಂದ ಮಳೆ, ಕೆಳಗಿಂದ ಕೆಸರು, ಎದುರಿನಿಂದ ಗಾಳಿ ಮಾತ್ರ ಹೆಚ್ಚುವರಿ. ಪರಂಪರೆ ಹಳೆಯದು. 1878ರಲ್ಲಿ ಹ್ಯಾರೊಗೇಟ್‌ನಲ್ಲಿ ಹುಟ್ಟಿದ ಬೈಸಿಕಲ್ ಟೂರಿಂಗ್ ಕ್ಲಬ್ 1883ರಲ್ಲಿ ಸೈಕ್ಲಿಸ್ಟ್ಸ್ ಟೂರಿಂಗ್ ಕ್ಲಬ್ ಆಯಿತು. ಈಗ ಸೈಕ್ಲಿಂಗ್ ಯುಕೆ ಎಂದು ಕರೆಸಿಕೊಳ್ಳುತ್ತದೆ. ಕನ್ನಡಿಗರು ಈ ಪರಂಪರೆಗೆ ಸೇರಿಕೊಂಡದ್ದು ತೀರ ಈಚೆಗೆ, ಸಾಫ್ಟ್‌ವೇರ್ ಮತ್ತು ಆಸ್ಪತ್ರೆ ನೌಕರಿಗಳ ಬೆನ್ನು ಹತ್ತಿ ಲಂಡನ್ನಿನ ದಕ್ಷಿಣದ ಕ್ರಾಯ್ಡನ್, ಸಟ್ಟನ್, ಕಿಂಗ್‌ಸ್ಟನ್ ಕಡೆ ಮನೆ ಮಾಡಿದ ಮೇಲೆ. ಸವಾರಿಯ ಕಷ್ಟವೆಲ್ಲ ತುಳಿಯುವವನದು ಎಂಬ ನಂಬಿಕೆ ಕ್ಲಬ್ಬಿನಲ್ಲಿ ಬಲವಾಗಿದೆ. ಮನೆಯ ಲೆಕ್ಕ ಬೇರೆ: ಒಬ್ಬ ಸೈಕಲ್ ತುಳಿದರೆ ನಾಲ್ವರಿಗೆ ಸುಸ್ತು.

ಸವಾರಿ ಶುರುವಾಗುವುದು ಶನಿವಾರ ರಾತ್ರಿ, ವಾಟ್ಸಾಪ್ ಗುಂಪಿನಲ್ಲಿ. ಹವಾಮಾನ ಹೇಳುವ ಆ್ಯಪ್‌ಗಳು ಮೂರಿದ್ದರೆ ಭವಿಷ್ಯವೂ ಮೂರು ಇರುತ್ತದೆ. ಅವುಗಳಲ್ಲಿ ಕಡಿಮೆ ಮಳೆ ಹೇಳಿದ್ದನ್ನೇ ಎಲ್ಲರೂ ನಂಬುತ್ತಾರೆ. 2015ರಿಂದ ಬ್ರಿಟನ್ ಮತ್ತು ಐರ್ಲೆಂಡಿನ ಹವಾಮಾನ ಇಲಾಖೆಗಳು ಬಿರುಗಾಳಿಗಳಿಗೆ ಹೆಸರಿಡುತ್ತಿವೆ. ಮೊದಲನೆಯದಕ್ಕೆ ಅಬಿಗೇಲ್ ಎಂದು ನಾಮಕರಣವಾಯಿತು. ಅಲ್ಲಿಂದೀಚೆಗೆ ಪ್ರತಿ ಸೆಪ್ಟೆಂಬರಿನಲ್ಲಿ ಅಕಾರಾದಿಯಾಗಿ ಹೊಸ ಪಟ್ಟಿ ಸಿದ್ಧವಾಗುತ್ತದೆ. ಹೆಸರಿಟ್ಟ ಗಾಳಿ ಬಂದರೆ ಸವಾರಿ ರದ್ದಾಗುವ ಸಂಭವ ಉಂಟು. ಹೆಸರಿಲ್ಲದ ಗಾಳಿ ಎಷ್ಟೇ ಬೀಸಲಿ, ಅದು ಲೆಕ್ಕಕ್ಕಿಲ್ಲ. ಚಳಿಯ ಲೆಕ್ಕವೂ ಇಲ್ಲಿ ಬೇರೆ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿ 13ರ 7.8 ಡಿಗ್ರಿ ಸೆಲ್ಸಿಯಸ್. ಜನವರಿಯ ಮಧ್ಯಾಹ್ನ ಅಷ್ಟು ಸಿಕ್ಕಿದರೆ ಲಂಡನ್ನಿನ ಪಕ್ಕದ ಸರ್ರೆಯಲ್ಲಿ ಒಳ್ಳೆಯ ದಿನವೆಂದು ಕೆಲವರು ಗ್ಲೋವ್ಸ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತಾರೆ.

ಮನೆಯಲ್ಲಿ ಸಂಧಾನ ನಡೆಯುವುದೂ ಇದೇ ಹೊತ್ತಿಗೆ. ಭಾನುವಾರ ಮಕ್ಕಳಿಗೆ ಕನ್ನಡ ತರಗತಿ ಇರುತ್ತದೆ, ಭರತನಾಟ್ಯ ಇರುತ್ತದೆ, ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಪುಳಿಯೋಗರೆ ಮಾಡಿಕೊಡುವುದಾಗಿ ಒಪ್ಪಿಕೊಂಡಿರುವುದೂ ಇರುತ್ತದೆ. "ಹನ್ನೆರಡೂವರೆಗೆಲ್ಲಾ ಮನೇಲಿರ್ತೀನಿ" ಎಂಬ ಮಾತನ್ನು ಆಡುವವರಾಗಲಿ ಕೇಳುವವರಾಗಲಿ ನಂಬುವುದಿಲ್ಲ. ಆದರೂ ಆಡಬೇಕು, ಕೇಳಬೇಕು. ಆರು ತಿಂಗಳ ವೀಸಾದ ಮೇಲೆ ಮಗನ ಮನೆಗೆ ಬಂದ ತಾಯಿ ಇದ್ದರೆ ಮೂರನೆಯ ಪಕ್ಷವೊಂದು ಸೇರಿಕೊಳ್ಳುತ್ತದೆ. "ಬಾಗಿಲಲ್ಲಿ ಎರಡು ಕಾರು ನಿಂತಿರೋವಾಗ ಈ ಮಳೇಲಿ ಸೈಕಲ್ ಯಾಕೋ?" ಎಂಬುದು ಅವರ ಪ್ರಶ್ನೆ. ಅವರ ಗಂಡ ಮೂವತ್ತು ವರ್ಷ ಕಚೇರಿಗೆ ಸೈಕಲ್ ತುಳಿದು ಮಗನನ್ನು ಇಂಜಿನಿಯರ್ ಮಾಡಿಸಿದ್ದೇ ಅವನು ತುಳಿಯದಿರಲಿ ಎಂದು. ಈ ಪ್ರಶ್ನೆಗೆ ಈವರೆಗೆ ಯಾವ ಸವಾರನೂ ಸಮಾಧಾನದ ಉತ್ತರ ಕೊಟ್ಟಿಲ್ಲ.

ಡಿಸೆಂಬರ್ ಕೊನೆಯಲ್ಲಿ ಲಂಡನ್ ಸುತ್ತಮುತ್ತ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ. ಸವಾರ ಏಳುವುದು ಆರಕ್ಕೆ, ಏಕೆಂದರೆ ಬಟ್ಟೆ ತೊಡಲು ಮುಕ್ಕಾಲು ಗಂಟೆ ಬೇಕು. ಒಳಗೊಂದು ಉಣ್ಣೆಯ ಬನಿಯನ್, ಅದರ ಮೇಲೆ ಜರ್ಸಿ, ಮೇಲೊಂದು ಜಾಕೆಟ್, ಮಳೆಗೆ ಇನ್ನೊಂದು. ಕಾಲಿಗೆ ಎರಡು ಜೊತೆ ಸಾಕ್ಸ್, ಶೂ, ಶೂ ಮೇಲೆ ರಬ್ಬರಿನ ಕವಚ. ಇಷ್ಟಾದರೂ ಪೆಡಲಿಗೆ ಕಚ್ಚಿಕೊಳ್ಳುವ ಕ್ಲೀಟನ್ನು ಸ್ಕ್ರೂ ಮಾಡಲು ಶೂ ತಳದಲ್ಲಿ ತೂತುಗಳಿರುತ್ತವೆ, ನೀರು ಅಲ್ಲಿಂದ ನುಗ್ಗುತ್ತದೆ. ಚಪಾತಿ ಸುತ್ತುವ ಅಲ್ಯುಮಿನಿಯಂ ಹಾಳೆಯನ್ನು ಬೆರಳಿಗೆ ಸುತ್ತಿಕೊಂಡರೆ ಚಳಿ ಸ್ವಲ್ಪ ತಡೆಯುತ್ತದೆ ಎಂಬುದು ಅನುಭವಿಗಳ ಮಾತು. ಸೋಮವಾರ ಡಬ್ಬಿ ಕಟ್ಟುವಾಗ ಹಾಳೆ ಮುಗಿದಿರುವುದು ಮನೆಗೆ ತಿಳಿಯುತ್ತದೆ. ಹೆಲ್ಮೆಟ್ ಒಳಗೆ ತೊಡುವ ಬಾಲಕ್ಲಾವಕ್ಕೆ ಆ ಹೆಸರು ಬಂದದ್ದು 1854ರಲ್ಲಿ ಯುದ್ಧ ನಡೆದ ಕ್ರಿಮಿಯಾದ ಊರಿನಿಂದ. ತಾಯಿಯ ಕಣ್ಣಿಗೆ ಅದು ಮಂಕಿ ಕ್ಯಾಪ್. ಊಟಿಗೆ ಹೋದಾಗ ತಾವು ತೊಡಿಸಿದರೆ ಕಿತ್ತೆಸೆದು ಅತ್ತಿದ್ದ ಹುಡುಗ ಈಗ ಮೂವತ್ತು ಪೌಂಡು ಕೊಟ್ಟು ತಂದಿದ್ದಾನೆ ಎಂಬ ಆಶ್ಚರ್ಯವನ್ನು ಅವರು ಊರಿಗೆ ಫೋನ್ ಮಾಡಿದಾಗಲೆಲ್ಲ ಹಂಚಿಕೊಳ್ಳುತ್ತಾರೆ.

ಬೆಲೆಯ ವಿಷಯ ಬಂದದ್ದರಿಂದ ಒಂದು ಮಾತು. ಹೊರನಾಡಿನಲ್ಲಿ ಒಂದು ಸೈಕಲ್ಲಿಗೆ ಮೂರು ಬೆಲೆ ಇರುತ್ತವೆ: ಅಂಗಡಿಯದು, ಹೆಂಡತಿಗೆ ಹೇಳಿದ್ದು, ಊರಿಗೆ ಹೇಳಿದ್ದು. ಚಳಿಗಾಲಕ್ಕೆಂದೇ ಬೇರೆ ಸೈಕಲ್ ಬೇಕು ಎಂಬ ವಾದಕ್ಕೆ ಆಧಾರವಿಲ್ಲದಿಲ್ಲ. ರಸ್ತೆ ಹೆಪ್ಪುಗಟ್ಟದಿರಲೆಂದು ಕೌನ್ಸಿಲ್ ಲಾರಿಗಳು ರಾತ್ರಿ ಕಲ್ಲುಪ್ಪು ಚೆಲ್ಲುತ್ತವೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ಇರುತ್ತದೆ. ಅದೇ ನೀರು ಚೈನು, ಬೇರಿಂಗುಗಳನ್ನು ತಿಂದುಹಾಕುತ್ತದೆ. ಹಾಗಾಗಿ ಒಳ್ಳೆಯ ಸೈಕಲ್ ಬೆಚ್ಚಗೆ ಮಲಗುವ ಕೋಣೆಯ ಗೋಡೆಗೆ ಒರಗಿರುತ್ತದೆ, ಭಾರವಾದ ಹಳೆಯದು ಕೆಸರಿಗೆ ಇಳಿಯುತ್ತದೆ. ಇದಕ್ಕೆ ಮಡ್‌ಗಾರ್ಡ್ ಕಡ್ಡಾಯ. ಮಡ್‌ಗಾರ್ಡ್ ಇಲ್ಲದ ಚಕ್ರ ಎರಚುವ ನೀರೆಲ್ಲ ಹಿಂದಿನವನ ಮುಖಕ್ಕೇ ಹೋಗುವುದರಿಂದ, ಮೈಲಿಗೆಯವನನ್ನು ಪಂಕ್ತಿಯ ತುದಿಗೆ ಕೂರಿಸಿದಂತೆ ಅಂಥವನನ್ನು ಗುಂಪಿನ ಕೊನೆಗೆ ಕಳಿಸುತ್ತಾರೆ. ಜಾತ್ಯತೀತ ಇಂಗ್ಲೆಂಡಿನಲ್ಲಿ ಇಷ್ಟು ಕಟ್ಟುನಿಟ್ಟಾದ ಮಡಿ ಇನ್ನೆಲ್ಲೂ ಸಿಗುವುದಿಲ್ಲ.

ಗುಂಪು ಹೊರಡುವುದು ಇಬ್ಬಿಬ್ಬರ ಸಾಲಿನಲ್ಲಿ. ಬ್ರಿಟನ್ನಿನ ಸಂಚಾರ ನಿಯಮಗಳ ಪುಸ್ತಕ ಹೈವೇ ಕೋಡ್‌ನ 66ನೇ ನಿಯಮ ಇದಕ್ಕೆ ಅವಕಾಶ ಕೊಡುತ್ತದೆ. 2022ರ ತಿದ್ದುಪಡಿ ಅದನ್ನು ಇನ್ನಷ್ಟು ಬಿಡಿಸಿ ಹೇಳಿದೆ. ಮುಂದಿನವನು ಗಾಳಿಯನ್ನು ಸೀಳುವುದರಿಂದ ಹಿಂದಿನವನಿಗೆ ಸುಮಾರು ಮೂರನೇ ಒಂದು ಪಾಲು ಶ್ರಮ ಉಳಿಯುತ್ತದೆ. ಉಳಿದ ಶ್ರಮ ಮಾತಿಗೆ ಹೋಗುತ್ತದೆ. ಕ್ಲಬ್ಬಿನಲ್ಲಿ ಕನ್ನಡಿಗರು ಇಬ್ಬರಿದ್ದರೆ ಮೂರನೇ ಮೈಲಿಯೊಳಗೆ ಅಕ್ಕಪಕ್ಕ ಬಂದಿರುತ್ತಾರೆ. ಸಟ್ಟನ್ನಿನ ಗ್ರಾಮರ್ ಶಾಲೆಗಳ ಪ್ರವೇಶ ಪರೀಕ್ಷೆ, ಮಾರ್ಟ್‌ಗೇಜ್ ಬಡ್ಡಿ, ಯಲಹಂಕದ ಆಚೆ ಕೊಂಡ ಸೈಟಿನ ಖಾತೆ, ಈ ಮೂರು ವಿಷಯಗಳಿಗೆ ನಲವತ್ತು ಕಿಲೋಮೀಟರ್ ಸಾಲದು. ಅಪಾಯವನ್ನು ಕೂಗಿ ಹೇಳುವ ಪದ್ಧತಿಯೂ ಇದೆ. 'ಕಾರ್ ಅಪ್', 'ಕಾರ್ ಡೌನ್' ಎಂಬ ಕೂಗುಗಳಲ್ಲಿ ಯಾವುದು ಮುಂದಿನ ಕಾರು, ಯಾವುದು ಹಿಂದಿನದು ಎಂಬುದು ಕ್ಲಬ್ಬಿನಿಂದ ಕ್ಲಬ್ಬಿಗೆ ತಿರುವುಮುರುವು. ಗಾಬರಿಯಲ್ಲಿ ಕನ್ನಡಿಗನ ಬಾಯಿಂದ ಬರುವುದು 'ಗುಂಡಿ, ಗುಂಡಿ!' ಮಾತ್ರ, ಹಿಂದಿನ ಇಂಗ್ಲಿಷರಿಗೆ ಅದು ಗುಂಡಿಗೆ ಇಳಿದ ಮೇಲೆ ಅರ್ಥವಾಗುತ್ತದೆ.

ಚಳಿಗಾಲದ ಸವಾರಿಯ ನಿಜವಾದ ಪರೀಕ್ಷೆ ಪಂಕ್ಚರ್. ಅದು ಚಳಿಗಾಲದಲ್ಲೇ ಹೆಚ್ಚಾಗಲು ಕಾರಣಗಳಿವೆ. ಹಕ್ಕಿ ಗೂಡು ಕಟ್ಟುವ ಕಾಲವೆಂದು ಇಂಗ್ಲೆಂಡಿನ ರೈತರು ಮಾರ್ಚಿನಿಂದ ಆಗಸ್ಟ್‌ವರೆಗೆ ಬೇಲಿ ಸವರುವಂತಿಲ್ಲ. ಆಮೇಲೆ ಯಂತ್ರ ಹಚ್ಚಿ ಸವರುತ್ತಾರೆ. ಹಾಥಾರ್ನ್ ಗಿಡದ ಮುಳ್ಳುಗಳು ಓಣಿಯ ತುಂಬ ಉದುರುತ್ತವೆ. ನಾರ್ತ್ ಡೌನ್ಸ್‌ನ ಸುಣ್ಣಕಲ್ಲಿನ ಗುಡ್ಡಗಳಿಂದ ಮಳೆನೀರು ಫ್ಲಿಂಟ್ ಚೂರುಗಳನ್ನು ರಸ್ತೆಗೆ ತಂದು ಹಾಕುತ್ತದೆ. ಒದ್ದೆ ರಬ್ಬರನ್ನು ಅವು ಸಲೀಸಾಗಿ ಸೀಳುತ್ತವೆ. ಒಬ್ಬನ ಚಕ್ರದ ಗಾಳಿ ಹೋದರೆ ಗುಂಪಿನ ಹನ್ನೆರಡೂ ಜನ ನಿಲ್ಲಬೇಕು, ಯಾರನ್ನೂ ಬಿಟ್ಟು ಹೋಗಬಾರದೆಂಬುದು ನಿಯಮ. ಪಂಕ್ಚರ್ ಆದವನು ಗ್ಲೋವ್ಸ್ ಕಳಚುತ್ತಾನೆ. ಟೈರ್ ಲಿವರ್ ಹಿಡಿಯಲು ಹೆಬ್ಬೆರಳು ಒಪ್ಪುವುದಿಲ್ಲ. ದೇಹ ಎದೆ ಹೊಟ್ಟೆಗಳ ಬಿಸಿ ಉಳಿಸಿಕೊಳ್ಳಲು ಬೆರಳ ತುದಿಯ ರಕ್ತನಾಳಗಳನ್ನು ಆಗಲೇ ಕುಗ್ಗಿಸಿರುತ್ತದೆ. ಮುಳ್ಳು ಎಲ್ಲಿದೆಯೆಂದು ಟೈರಿನ ಒಳಗೆ ಬೆರಳಾಡಿಸಿದರೆ ಚುಚ್ಚಿದ್ದೂ ತಿಳಿಯುವುದಿಲ್ಲ, ರಕ್ತ ನೋಡಿ ಪತ್ತೆ ಹಚ್ಚಬೇಕು. ಸುತ್ತ ನಿಂತ ಹನ್ನೊಂದು ಜನ ಹನ್ನೊಂದು ಸಲಹೆ ಕೊಡುತ್ತಾರೆ, ಯಾರೂ ಗ್ಲೋವ್ಸ್ ಕಳಚುವುದಿಲ್ಲ. ಕನ್ನಡಿಗನ ಬೆನ್ನ ಜೇಬಿನಿಂದ ಕೋಡುಬಳೆಯ ಪೊಟ್ಟಣ ಹೊರಬರುವುದು ಈ ಗಳಿಗೆಯಲ್ಲಿ. ಅಂಗಡಿಯ ಎನರ್ಜಿ ಜೆಲ್ ಚಳಿಗೆ ಗಟ್ಟಿಯಾಗಿ ಹಿಂಡಿದರೂ ಬರುವುದಿಲ್ಲ. ಕೋಡುಬಳೆ ಮೊದಲೇ ಗಟ್ಟಿ. ಖಾರಕ್ಕೆ ಮೂಗು ಸೋರಿಸಿಕೊಂಡ ಇಂಗ್ಲಿಷ್ ಸದಸ್ಯರು ಮುಂದಿನ ವಾರ ತಾವಾಗಿಯೇ ಕೇಳುತ್ತಾರೆ, ಕರಿಯುವ ಕೆಲಸ ಮನೆಗೆ ಬರುತ್ತದೆ.

ದಾರಿ ಬಹುಪಾಲು ಬಾಕ್ಸ್ ಹಿಲ್‌ಗೆ ಹೋಗುತ್ತದೆ. 2012ರ ಒಲಿಂಪಿಕ್ಸ್‌ನಲ್ಲಿ ಪುರುಷರ ರಸ್ತೆ ಸ್ಪರ್ಧೆ ಈ ಗುಡ್ಡವನ್ನು ಒಂಬತ್ತು ಸಲ ಸುತ್ತಿತ್ತು, ಮಹಿಳೆಯರದು ಎರಡು ಸಲ. ಜಿಗ್ ಜ್ಯಾಗ್ ರೋಡ್ ಎಂಬ ಏರು ಎರಡೂವರೆ ಕಿಲೋಮೀಟರ್, ಶೇಕಡಾ ಐದರ ಏರಿಕೆ. ನೆತ್ತಿಯ ಎತ್ತರ ಸಮುದ್ರಮಟ್ಟದಿಂದ 224 ಮೀಟರ್. ಬೆಂಗಳೂರಿನ ಸಮತಟ್ಟು ರಸ್ತೆಗಳೇ 900 ಮೀಟರಿನ ಆಸುಪಾಸಿನಲ್ಲಿವೆ, ನಂದಿ ಬೆಟ್ಟ 1,478 ಮೀಟರ್. ಹೆಬ್ಬಾಳದಿಂದ ನಂದಿಗೆ ತುಳಿದು ಬಂದವರಿಗೆ ಈ ಗುಡ್ಡ ಮೊದಲು ನಗು ತರಿಸುತ್ತದೆ. ಎದುರುಮಳೆಯಲ್ಲಿ ಎರಡನೇ ತಿರುವಿಗೆ ನಗು ನಿಲ್ಲುತ್ತದೆ. ಜೇನ್ ಆಸ್ಟಿನ್‌ಳ 'ಎಮ್ಮಾ' ಕಾದಂಬರಿಯ ಮಂದಿ ಇಲ್ಲಿಗೆ ಪಿಕ್ನಿಕ್ ಬಂದದ್ದು ಜೂನ್ ತಿಂಗಳಲ್ಲಿ, ಗಾಡಿಗಳಲ್ಲಿ. ಅದೂ ಸುಖವಾಗಿ ಮುಗಿಯಲಿಲ್ಲವೆನ್ನುವುದು ಬೇರೆ ಮಾತು.

ಸವಾರಿಯ ಗುರಿ ಗುಡ್ಡವಲ್ಲ, ಕೆಫೆ. ಕೆಸರು ಮೆತ್ತಿದ ಹನ್ನೆರಡು ಜನ ಒಳಗೆ ಬಂದೊಡನೆ ಕಿಟಕಿ ಗಾಜು ಮಂಜಾಗುತ್ತದೆ, ಕುರ್ಚಿಯ ಕೆಳಗೆ ಕೊಳಗಳು ಹುಟ್ಟುತ್ತವೆ. ರೇಡಿಯೇಟರ್ ಮೇಲೆ ಇಪ್ಪತ್ತನಾಲ್ಕು ಗ್ಲೋವ್ಸ್ ಹಬೆಯಾಡುತ್ತವೆ, ವಾಸನೆ ಹೇಳತೀರದು. ಸಸ್ಯಾಹಾರಿಗೆ ಆಯ್ಕೆ ಹೆಚ್ಚಿಲ್ಲ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಕೇಳಿದರೆ ಕೌಂಟರಿನ ಹುಡುಗಿ ಇದ್ದೇ ಇರುತ್ತದೆ ಎಂದು ಹೆಮ್ಮೆಯಿಂದ ಹೇಳುತ್ತಾಳೆ. ಉಳಿಯುವುದು ಟೋಸ್ಟ್ ಮೇಲೆ ಸುರಿದ ಸಿಹಿ ಬೇಕ್ಡ್ ಬೀನ್ಸ್. ಅದಕ್ಕೆ ಜೇಬಿನ ಚಟ್ನಿಪುಡಿ ಉದುರಿಸಿಕೊಂಡರೆ ತಿನ್ನಬಹುದು. ಕಾಫಿಯ ಬಗ್ಗೆ ಏನೂ ಹೇಳದಿರುವುದೇ ಸಭ್ಯತೆ. ಭಾರತದ ಗಡಿಯಾರ ಚಳಿಗಾಲದಲ್ಲಿ ಐದೂವರೆ ಗಂಟೆ ಮುಂದೆ ಇರುವುದರಿಂದ ಊರಿನ ಫೋನ್ ಸಾಮಾನ್ಯವಾಗಿ ಬರುವುದೂ ಆಗಲೇ. "ಎಲ್ಲಿದ್ದೀಯಾ, ಹಲ್ಲು ಯಾಕೆ ಕಟಕಟ ಅಂತಿದೆ?"

ಕೆಫೆಯಿಂದ ಹೊರಟ ಮೊದಲ ಹತ್ತು ನಿಮಿಷ ಇಡೀ ದಿನದಲ್ಲಿ ಕೆಟ್ಟವು. ಒದ್ದೆ ಬಟ್ಟೆ ಆರಿಲ್ಲ, ತಣ್ಣಗಾಗಿದೆ. ಮುಂದೆ ಇಳಿಜಾರು, ಕಾಲಿಗೆ ಕೆಲಸವಿಲ್ಲ, ಗಾಳಿಗೆ ಪೂರ್ತಿ ಕೆಲಸ. 2 ಡಿಗ್ರಿಯ ಹವೆಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇಳಿದರೆ ಮೈಗೆ ತಟ್ಟುವ ಚಳಿ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗಿನದು. ಮನೆ ಮುಟ್ಟಿ ಬೆರಳುಗಳಿಗೆ ರಕ್ತ ಮರಳುವಾಗ ಆಗುವ ನೋವಿಗೆ ದೊಡ್ಡವರೂ ಅತ್ತದ್ದುಂಟು.

ಮನೆಯ ಪಾಲಿನ ಕೆಲಸ ಆಗ ಶುರುವಾಗುತ್ತದೆ. ಹೊಸ್ತಿಲಲ್ಲೇ ತಡೆದು ನಿಲ್ಲಿಸಬೇಕು, ಏಕೆಂದರೆ ಒಳಗೆ ತಿಳಿಬಣ್ಣದ ಕಾರ್ಪೆಟ್. ಜಿಪ್ ಎಳೆಯಲು ಬೆರಳಿಗೆ ಬಲವಿಲ್ಲದವನ ಜಾಕೆಟ್ ಬಿಚ್ಚಿಸಬೇಕು. ಊರಿನ ಉಪ್ಪಿನಕಾಯಿ ಬಾಟಲಿಗೆ ಸುತ್ತಿ ಬಂದಿದ್ದ ಹಳೆಯ ಕನ್ನಡ ಪತ್ರಿಕೆಯನ್ನು ಮುದ್ದೆ ಮಾಡಿ ಶೂ ಒಳಗೆ ತುರುಕಬೇಕು. ಶೂಗೆ ಎರಡು ದಿನ ಮಾವಿನಮಿಡಿಯ ಪರಿಮಳ. ತಾಯಿ ಕಾಳುಮೆಣಸಿನ ಸಾರು ತಂದಿಟ್ಟು, ಕಾಲಿಗೆ ವಿಕ್ಸ್ ತಿಕ್ಕುತ್ತ, ಮಾತಾಡುವುದಿಲ್ಲ. ಹೆಂಡತಿ ಗಡಿಯಾರ ನೋಡುತ್ತಾಳೆ, ಅವಳೂ ಮಾತಾಡುವುದಿಲ್ಲ. ಈಗೀಗ ಹೆಂಡತಿಯೇ ಕ್ಲಬ್ ಸೇರಿ ಗಂಡ ಮನೆಯಲ್ಲಿ ಕಾಯುವುದೂ ಕಂಡುಬರುತ್ತಿದೆ. ಆ ಮನೆಗಳಲ್ಲಿ ವ್ಯತ್ಯಾಸ ಇಷ್ಟೇ: ಸವಾರಿಗೆ ಹೊರಡುವವಳು ಐದಕ್ಕೆದ್ದು ಉಪ್ಪಿಟ್ಟು ಮಾಡಿ, ಬಟ್ಟೆ ಮಷೀನಿಗೆ ಹಾಕಿ ಹೊರಡುತ್ತಾಳೆ, ಮತ್ತು ಹನ್ನೆರಡೂವರೆಗೆ ನಿಜವಾಗಿಯೂ ಮನೆಯಲ್ಲಿರುತ್ತಾಳೆ.

ಇಷ್ಟಕ್ಕೆಲ್ಲ ಒಂದು ಪರ್ಯಾಯ ಇಲ್ಲದಿಲ್ಲ. ಗ್ಯಾರೇಜಿನಲ್ಲಿ ನಿಂತಲ್ಲೇ ತುಳಿಯುವ ಟರ್ಬೊ ಟ್ರೈನರಿಗೆ ಸೈಕಲ್ ಸಿಕ್ಕಿಸಿ ಜ್ವಿಫ್ಟ್ ಆ್ಯಪ್ ಹಾಕಿದರೆ ಪರದೆಯ ಮೇಲೆ ಲಂಡನ್ ಬರುತ್ತದೆ, ಅದರಲ್ಲಿ ಬಾಕ್ಸ್ ಹಿಲ್ ಕೂಡ ಇದೆ. ಅಷ್ಟೇ ಏರು, ಅಷ್ಟೇ ಬೆವರು, ಕಾರ್ಪೆಟ್ಟಿಗೆ ಅಪಾಯವಿಲ್ಲ. ಹಿಟ್ಟು ರುಬ್ಬಿಕೊಡು ಎಂದು ಕೂಗಿದರೆ ಕೇಳಿಸುತ್ತದೆ. ಸವಾರರು ಅದನ್ನು ಒಪ್ಪದಿರಲು ಈ ಕೂಗೂ ಒಂದು ಕಾರಣವಿರಬಹುದು.

ಮಾರ್ಚಿನ ಕೊನೆಯ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋದಾಗ ಚಳಿಗಾಲದ ಸವಾರಿ ಮುಗಿಯಿತೆಂದು ಕ್ಲಬ್ಬುಗಳು ಲೆಕ್ಕ ಹಿಡಿಯುತ್ತವೆ. ಹೊಸಬರು ಈ ಲೆಕ್ಕವನ್ನು ನಂಬಿ ಮಡ್‌ಗಾರ್ಡ್ ಬಿಚ್ಚಬಾರದು. ಅದು ಮೇ ತಿಂಗಳವರೆಗೂ ಇರಲಿ.